ಬಳಕೆ ಮೊದಲು, ಅಧಿಕಾರ ಆಮೇಲೆ: ಯೇಲ್ ಕಾಲೇಜಿನ ಹೆಸರು, ಮುದ್ರೆ, ಬಣ್ಣ ಮತ್ತು ಬುಲ್‌ಡಾಗ್

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿರುವ ಯೇಲ್ ವಿಶ್ವವಿದ್ಯಾಲಯವನ್ನು ಜಗತ್ತು ಇಂದು ಗುರುತಿಸುವುದು ನಾಲ್ಕು ಸಂಗತಿಗಳಿಂದ: ಅದರ ಹೆಸರು, ಹೀಬ್ರೂ ಅಕ್ಷರಗಳನ್ನು ಹೊತ್ತ ಅದರ ಮುದ್ರೆ, ಕಡುನೀಲಿ ಬಣ್ಣ, ಮತ್ತು ಬುಲ್‌ಡಾಗ್ ಜಾತಿಯ ನಾಯಿ. ಇವುಗಳಲ್ಲಿ ವಿದ್ವಾಂಸರು ಕುಳಿತು, ಯೋಚಿಸಿ, ಅರ್ಥವಿಟ್ಟು ರೂಪಿಸಿದ್ದು ಮುದ್ರೆಯೊಂದನ್ನೇ. ಹೆಸರು ಬಂದದ್ದು ಮದರಾಸಿನಲ್ಲಿ ದುಡ್ಡು ಮಾಡಿದ ವ್ಯಾಪಾರಿಯೊಬ್ಬನ ಸರಕಿನ ಮೂಟೆಗಳ ಜೊತೆಗೆ. ಬಣ್ಣ ಬಂದದ್ದು ದೋಣಿ ಹುಟ್ಟುಹಾಕುವ ಹುಡುಗರ ಉಡುಪಿನಿಂದ. ನಾಯಿ ಬಂದದ್ದು ಊರಿನ ಕಮ್ಮಾರನ ಅಂಗಳದಿಂದ. ಆಡಳಿತ ಮಂಡಳಿ ಇವನ್ನು ಒಪ್ಪಿಕೊಂಡದ್ದು ಜನ ಅವಕ್ಕೆ ಒಗ್ಗಿಹೋದ ಮೇಲೆ, ಹಲವು ಸಲ ದಶಕಗಳಷ್ಟು ತಡವಾಗಿ. ಸಂಸ್ಥೆಯ 'ಅಧಿಕೃತ' ಲಾಂಛನಗಳೆನ್ನುವಾಗ ಅವುಗಳ ಹಿಂದೆ ಒಂದು ಸಂಕಲ್ಪವಿತ್ತೆಂದು ಊಹಿಸುವುದು ಸಹಜವಾದರೂ ಯೇಲ್‌ನ ಇತಿಹಾಸ ಆ ಊಹೆಯನ್ನು ಬೆಂಬಲಿಸುವುದಿಲ್ಲ.

ಮೊದಲಿಗೆ ಆ ಕಾಲೇಜಿಗೆ ಹೆಸರೇ ಇರಲಿಲ್ಲವೆಂದರೂ ನಡೆದೀತು. 1701ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್ ವಸಾಹತಿನ ಶಾಸನಸಭೆ ಹತ್ತು ಮಂದಿ ಪಾದ್ರಿಗಳಿಗೆ ಶಾಲೆ ತೆರೆಯುವ ಅಧಿಕಾರ ಕೊಟ್ಟಾಗ ಕಾನೂನಿನಲ್ಲಿ ಬಳಸಿದ ಪದ 'ಕಾಲೇಜಿಯೇಟ್ ಸ್ಕೂಲ್', ಅಂದರೆ ಕಾಲೇಜು ಮಟ್ಟದ ಪಾಠಶಾಲೆ ಎಂಬ ಸಾಮಾನ್ಯ ವರ್ಣನೆ ಮಾತ್ರ. ಈ ಪಾದ್ರಿಗಳಲ್ಲಿ ಹೆಚ್ಚಿನವರು 1636ರಲ್ಲಿ ಸ್ಥಾಪನೆಯಾಗಿದ್ದ ಹಾರ್ವರ್ಡ್‌ನಲ್ಲೇ ಓದಿದವರು. ಅಲ್ಲಿ ಧರ್ಮನಿಷ್ಠೆ ಸಡಿಲವಾಗುತ್ತಿದೆಯೆಂಬ ಅಸಮಾಧಾನವೂ, ತಮ್ಮ ಮಕ್ಕಳನ್ನು ದೂರದ ಮ್ಯಾಸಚೂಸೆಟ್ಸ್‌ಗೆ ಕಳಿಸುವ ಕಷ್ಟವೂ ಅವರನ್ನು ಹೊಸ ಶಾಲೆಯತ್ತ ತಳ್ಳಿದ್ದವು. ಮೊದಲ ರೆಕ್ಟರ್, ಅಂದರೆ ಮುಖ್ಯಸ್ಥ, ಅಬ್ರಹಾಂ ಪಿಯರ್ಸನ್ ಕಿಲ್ಲಿಂಗ್‌ವರ್ತ್ ಎಂಬ ಊರಿನ ತನ್ನ ಮನೆಯಲ್ಲೇ ಪಾಠ ಹೇಳುತ್ತಿದ್ದ. 1707ರಲ್ಲಿ ಅವನು ತೀರಿಕೊಂಡ ಮೇಲೆ ಶಾಲೆ ಸೇಬ್ರೂಕ್‌ಗೆ ಹೋಯಿತು, 1716ರಲ್ಲಿ ನ್ಯೂ ಹೇವನ್‌ಗೆ ಬಂತು. ಹೀಗೆ ಊರೂರು ಅಲೆಯುತ್ತಿದ್ದ ಶಾಲೆಗೆ ಸ್ವಂತ ಕಟ್ಟಡ ಬೇಕಾದಾಗ ಹಣದ ಪ್ರಶ್ನೆ ಎದುರಾಯಿತು.

ಆಗ ಲಂಡನ್ನಿನಲ್ಲಿ ವಸಾಹತಿನ ಪ್ರತಿನಿಧಿಯಾಗಿದ್ದ ಜೆರಮಿಯಾ ಡಮ್ಮರ್ ಈ ಶಾಲೆಗಾಗಿ ಬೇಡಿ ಸಂಗ್ರಹಿಸಿದ ನೂರಾರು ಪುಸ್ತಕಗಳು 1714ರಲ್ಲಿ ಅಮೆರಿಕ ತಲುಪಿದ್ದವು. ನ್ಯೂಟನ್ ತನ್ನ ಕೃತಿಗಳನ್ನು ತಾನೇ ಕೊಟ್ಟಿದ್ದ. ಆ ದಾನಿಗಳ ಸಾಲಿನಲ್ಲಿ ಎಲೀಹು ಯೇಲ್ ಎಂಬ ಧನಿಕನೂ ಇದ್ದ. 1718ರ ಜನವರಿಯಲ್ಲಿ ಬಾಸ್ಟನ್ನಿನ ಪ್ರಸಿದ್ಧ ಪಾದ್ರಿ, ಹಾರ್ವರ್ಡ್‌ನ ಅಧ್ಯಕ್ಷ ಪದವಿ ಕೈತಪ್ಪಿದ್ದರಿಂದ ಆ ಸಂಸ್ಥೆಯ ಮೇಲೆ ಮುನಿಸಿಕೊಂಡಿದ್ದ ಕಾಟನ್ ಮಾಥರ್, ಈ ಧನಿಕನಿಗೊಂದು ಪತ್ರ ಬರೆದು, ನ್ಯೂ ಹೇವನ್‌ನ ಕಟ್ಟಡಕ್ಕೆ ನೆರವಾದರೆ ಅದಕ್ಕೆ ನಿನ್ನ ಹೆಸರಿಡಬಹುದು, ಅದು ಈಜಿಪ್ಟಿನ ಪಿರಮಿಡ್ಡಿಗಿಂತ ಮೇಲಾದ ಸ್ಮಾರಕವಾದೀತು ಎಂಬ ಅರ್ಥದ ಮಾತುಗಳಲ್ಲಿ ಓಲೈಸಿದ. ಗಂಡುಸಂತಾನ ಉಳಿಯದ ವೃದ್ಧನಿಗೆ ಈ ಮಾತು ಎಲ್ಲಿ ನಾಟುತ್ತದೆಂಬುದು ಮಾಥರನಿಗೆ ಚೆನ್ನಾಗಿ ತಿಳಿದಿತ್ತು. ಅದೇ ವರ್ಷ ಯೇಲ್ ಕಳಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕಗಳು ಮತ್ತು ದೊರೆ ಮೊದಲನೆಯ ಜಾರ್ಜ್‌ನ ಒಂದು ಭಾವಚಿತ್ರ. ಮಸ್ಲಿನ್, ಕ್ಯಾಲಿಕೋ ಮೊದಲಾದ ಬಟ್ಟೆಗಳಿದ್ದ ಆ ಮೂಟೆಗಳ ಮಾರಾಟದಿಂದ ಸುಮಾರು 562 ಪೌಂಡ್ ಬಂತು. ಕಟ್ಟಡ ಮೇಲೆದ್ದಿತು, ಆ ಸೆಪ್ಟೆಂಬರ್‌ನ ಪದವಿ ಪ್ರದಾನದ ದಿನ ಅದಕ್ಕೆ 'ಯೇಲ್ ಕಾಲೇಜ್' ಎಂದು ಹೆಸರಿಡಲಾಯಿತು.

ದಾನಿ ಯಾರೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ದಕ್ಷಿಣ ಭಾರತದ ಇತಿಹಾಸ ಬಲ್ಲವರಿಗೆ ಅವನು ಅಪರಿಚಿತನಲ್ಲ. 1649ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯೊಡನೆ ಇಂಗ್ಲೆಂಡಿಗೆ ಹೋದ ಎಲೀಹು ಮತ್ತೆ ಅಮೆರಿಕದ ನೆಲ ತುಳಿಯಲಿಲ್ಲ; ತನ್ನ ಹೆಸರಿನ ಕಾಲೇಜನ್ನು ಅವನು ಕಣ್ಣಾರೆ ಕಂಡವನೇ ಅಲ್ಲ. 1672ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಮದರಾಸಿಗೆ ಬಂದವನು 1687ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆದ. ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು 1680ರ ಅಕ್ಟೋಬರ್‌ನಲ್ಲಿ ಪ್ರತಿಷ್ಠಾಪನೆಯಾದಾಗ ಅದರ ವಿವಾಹದ ದಫ್ತರಿನಲ್ಲಿ ಮೊದಲು ದಾಖಲಾದದ್ದು, ಕಂಪನಿಯ ಅಧಿಕಾರಿ ಜೋಸೆಫ್ ಹಿನ್ಮರ್ಸ್‌ನ ವಿಧವೆ ಕ್ಯಾಥರೀನ್‌ಳೊಡನೆ ನಡೆದ ಅವನ ಮದುವೆಯೇ. ಬಾಲ್ಯದಲ್ಲೇ ತೀರಿಹೋದ ಅವನ ಮಗ ಡೇವಿಡ್‌ನ ಸಮಾಧಿ ಇಂದಿನ ಚೆನ್ನೈ ಹೈಕೋರ್ಟಿನ ಆವರಣದ ಬಳಿ ಇದೆ.

1690ರಲ್ಲಿ, ಅವನ ಆಡಳಿತದಲ್ಲಿ, ಕಂಪನಿ ಕಡಲೂರಿನ ಹತ್ತಿರದ ತೇಗನಾಪಟ್ಟಣದ ಕೋಟೆಯನ್ನು ಕೊಂಡು ಅದಕ್ಕೆ ಸೇಂಟ್ ಡೇವಿಡ್ ಕೋಟೆಯೆಂದು ಹೆಸರಿಟ್ಟಿತು. ಮಾರಿದವರು ಜಿಂಜಿಯಲ್ಲಿ ನೆಲೆಸಿದ್ದ ಮರಾಠಾ ದೊರೆ ರಾಜಾರಾಮನ ಕಡೆಯವರು. ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯತ್ತ ಸಾಗುತ್ತಿದ್ದ ಇದೇ ರಾಜಾರಾಮನಿಗೆ ಅದರ ಹಿಂದಿನ ವರ್ಷ ದಾರಿಯಲ್ಲಿ ಆಶ್ರಯ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. ಕನ್ನಡ ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ ಆ ಶರಣಾಗತ ರಕ್ಷಣೆಯ ಪ್ರಸಂಗಕ್ಕೂ ನ್ಯೂ ಹೇವನ್‌ನ ಕಾಲೇಜಿನ ಹೆಸರಿಗೂ ನಡುವೆ ನಿಂತಿರುವುದು ಈ ಒಬ್ಬನೇ ವ್ಯಾಪಾರಿ.

ಕಂಪನಿಯ ಸಂಬಳ ಅಲ್ಪವಾಗಿದ್ದ ಆ ಕಾಲದಲ್ಲಿ ಅಧಿಕಾರಿಗಳು ಶ್ರೀಮಂತರಾದದ್ದು ಖಾಸಗಿ ವ್ಯಾಪಾರದಿಂದ, ಅಂದರೆ ಕಂಪನಿಯ ಹಡಗು ಮತ್ತು ಹೆಸರಿನ ಆಸರೆಯಲ್ಲಿ ಸ್ವಂತ ಲೆಕ್ಕಕ್ಕೆ ನಡೆಸುತ್ತಿದ್ದ ವಹಿವಾಟಿನಿಂದ. ಯೇಲ್‌ನ ಸಂಪತ್ತು ಬೆಳೆದದ್ದು ಮುಖ್ಯವಾಗಿ ವಜ್ರ ಮತ್ತು ಬಟ್ಟೆಯಲ್ಲಿ. ಅವನ ಕಾಲದಲ್ಲಿ ಮದರಾಸಿನಿಂದ ಗುಲಾಮರನ್ನು ಸೇಂಟ್ ಹೆಲೀನಾ ದ್ವೀಪಕ್ಕೆ ಸಾಗಿಸಲಾಗುತ್ತಿತ್ತೆಂಬುದೂ ಕಂಪನಿಯ ದಾಖಲೆಗಳಲ್ಲಿದೆ. ಅಧಿಕಾರ ದುರುಪಯೋಗದ ಆರೋಪ ಹೊತ್ತು 1692ರಲ್ಲಿ ಪದಚ್ಯುತನಾದ ಅವನು ವಿಚಾರಣೆಗಳ ಜಂಜಾಟದಲ್ಲಿ 1699ರವರೆಗೂ ಮದರಾಸಿನಲ್ಲೇ ಉಳಿಯಬೇಕಾಯಿತು. ಅವನ ಜಾಗಕ್ಕೆ ಬಂದ ನಥಾನಿಯಲ್ ಹಿಗ್ಗಿನ್‌ಸನ್ ಕನೆಕ್ಟಿಕಟ್‌ನಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಪದವಿ ಪಡೆದವನು. ಹಾರ್ವರ್ಡ್ ಮತ್ತು ಯೇಲ್ ನಡುವಿನ ಪೈಪೋಟಿಯ ಮೊದಲ ಸುತ್ತು ಕಾಲೇಜು ಹುಟ್ಟುವ ಮೊದಲೇ ಕೋರಮಂಡಲ ತೀರದಲ್ಲಿ ಮುಗಿದಿತ್ತೆಂದು ಚರಿತ್ರಕಾರ ಹಾಸ್ಯ ಮಾಡಿದರೆ ಆಕ್ಷೇಪಿಸುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 1718ರಲ್ಲಿ ಹೆಸರು ಇಟ್ಟದ್ದು ಮರದ ಕಟ್ಟಡವೊಂದಕ್ಕೆ, ಸಂಸ್ಥೆಗಲ್ಲ. ಸೇಬ್ರೂಕ್‌ನವರು ಆ ಕಟ್ಟಡವನ್ನೇ ಒಪ್ಪಿರಲಿಲ್ಲ. ಅವರ ಪಕ್ಷದವರು ಅದೇ ದಿನ ವೆದರ್ಸ್‌ಫೀಲ್ಡ್ ಎಂಬಲ್ಲಿ ಪ್ರತ್ಯೇಕ ಪದವಿ ಪ್ರದಾನ ನಡೆಸಿದರು, ಡಿಸೆಂಬರ್‌ನಲ್ಲಿ ಪುಸ್ತಕಗಳನ್ನು ನ್ಯೂ ಹೇವನ್‌ಗೆ ಒಯ್ಯಲು ಬಂದ ಬಂಡಿಗಳನ್ನು ತಡೆದು ಮುರಿದರು, ಆ ಗಲಾಟೆಯಲ್ಲಿ ಸುಮಾರು 250 ಪುಸ್ತಕಗಳು ಶಾಶ್ವತವಾಗಿ ಕಾಣೆಯಾದವು. ಇಂಥ ಜಗಳದ ನಡುವೆ ಕಟ್ಟಡದ ಹೆಸರು ಜನರ ಬಾಯಲ್ಲಿ ಸಂಸ್ಥೆಯ ಹೆಸರಾಗಿ ಹರಡಿತು. ಥಾಮಸ್ ಕ್ಲಾಪ್ ಮುಖ್ಯಸ್ಥನಾಗಿದ್ದಾಗ, 1745ರಲ್ಲಿ ಪಡೆದ ಹೊಸ ಸನ್ನದು ಆ ರೂಢಿಯನ್ನು ಕಾನೂನಾಗಿಸಿತು. ಅಷ್ಟರಲ್ಲಿ ಎಲೀಹು ಯೇಲ್ ಸತ್ತು 24 ವರ್ಷಗಳಾಗಿದ್ದವು. 'ವಿಶ್ವವಿದ್ಯಾಲಯ' ಎಂಬ ಪದ ಸೇರಿದ್ದು 1887ರಲ್ಲಿ. ಎಲೀಹು ಎಂಬುದನ್ನು ಕುಗ್ಗಿಸಿ ವಿದ್ಯಾರ್ಥಿಗಳನ್ನು 'ಎಲೀ' ಎಂದು ಕರೆಯುವುದು ಹತ್ತೊಂಬತ್ತನೆಯ ಶತಮಾನದ ಕ್ರೀಡಾ ವರದಿಗಳ ಭಾಷೆಯಲ್ಲಿ ನೆಲೆಯೂರಿತು. ದಾನಿಯ ಮೊದಲ ಹೆಸರು ಹೀಗೆ ಸಾವಿರಾರು ಅಪರಿಚಿತ ತರುಣರ ಅಡ್ಡಹೆಸರಾದ ಉದಾಹರಣೆಗಳು ಹೆಚ್ಚಿಲ್ಲ.

ಮುದ್ರೆಯ ಕಥೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪ ಪಡೆದ ಈ ಲಾಂಛನದಲ್ಲಿ ತೆರೆದಿಟ್ಟ ಗ್ರಂಥವೊಂದಿದೆ, ಅದರ ಹಾಳೆಗಳ ಮೇಲೆ ಹೀಬ್ರೂ ಲಿಪಿಯಲ್ಲಿ 'ಊರೀಮ್ ವತುಮ್ಮೀಮ್' ಎಂದು ಬರೆದಿದೆ, ಕೆಳಗೆ ಲ್ಯಾಟಿನ್‌ನಲ್ಲಿ 'ಲುಕ್ಸ್ ಎತ್ ವೆರಿತಾಸ್', ಅಂದರೆ ಬೆಳಕು ಮತ್ತು ಸತ್ಯ, ಎಂದಿದೆ. ಬೈಬಲ್ಲಿನ ವಿಮೋಚನಕಾಂಡದ 28ನೆಯ ಅಧ್ಯಾಯದಲ್ಲಿ ಇಸ್ರೇಲಿನ ಮಹಾಯಾಜಕ ಧರಿಸಬೇಕಾದ ಎದೆಪದಕದ ವರ್ಣನೆ ಬರುತ್ತದೆ; ಅದರೊಳಗೆ ಇಡಬೇಕಾದ, ದೇವರ ಚಿತ್ತವನ್ನು ಕೇಳಿ ತಿಳಿಯಲು ಬಳಸುತ್ತಿದ್ದ ಪವಿತ್ರ ವಸ್ತುಗಳೇ ಊರೀಮ್ ಮತ್ತು ತುಮ್ಮೀಮ್. ಅವು ಕಲ್ಲುಗಳೋ, ಚೀಟಿಯಂತೆ ಎತ್ತುವ ದಾಳಗಳೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಲ್ಯಾಟಿನ್ ಬೈಬಲ್ ಆ ಜೋಡಿಯನ್ನು 'ಬೋಧನೆ ಮತ್ತು ಸತ್ಯ' ಎಂದು ಅನುವಾದಿಸಿದ್ದರೆ ಯೇಲ್‌ನವರು ಬೋಧನೆಯ ಜಾಗದಲ್ಲಿ ಬೆಳಕನ್ನು ಇಟ್ಟರು. ಹಾರ್ವರ್ಡ್ 1643ರಲ್ಲೇ ತೆರೆದ ಪುಸ್ತಕಗಳ ಮೇಲೆ 'ವೆರಿತಾಸ್' ಎಂಬ ಒಂದೇ ಪದದ ಲಾಂಛನವನ್ನು ಯೋಚಿಸಿತ್ತು. ಸತ್ಯದ ಜೊತೆಗೆ ಬೆಳಕನ್ನೂ ತಂದವರು ತಾವೆಂದು ಯೇಲ್‌ನವರು ಆಮೇಲೆ ಛೇಡಿಸುತ್ತಿದ್ದರೂ, ಹಾರ್ವರ್ಡ್‌ನ ಆ ನಕ್ಷೆ ದಾಖಲೆಗಳಲ್ಲಿ ಮರೆಯಾಗಿ 1836ರ ಸುಮಾರಿಗೆ ಮರುಶೋಧನೆಯಾಯಿತೆಂಬುದನ್ನು ನೆನೆದರೆ, ಯೇಲ್‌ನ ಮುದ್ರೆ ಅದಕ್ಕೆ ಕೊಟ್ಟ ಉತ್ತರವೆನ್ನುವುದು ಅನುಮಾನಾಸ್ಪದ.

ಹೀಬ್ರೂ ಇಲ್ಲಿ ಕೇವಲ ಅಲಂಕಾರವಾಗಿರಲಿಲ್ಲ. ಪ್ಯೂರಿಟನ್ನರು, ಅಂದರೆ ಚರ್ಚಿನ ಆಡಂಬರವನ್ನು ತೊಡೆದು ಮೂಲಗ್ರಂಥಕ್ಕೇ ಮರಳಬೇಕೆಂದು ವಾದಿಸಿದ ಪ್ರಾಟೆಸ್ಟಂಟರು, ಹಳೆಯ ಒಡಂಬಡಿಕೆಯನ್ನು ಅದು ರಚಿತವಾದ ಭಾಷೆಯಲ್ಲೇ ಓದುವುದನ್ನು ಪಾದ್ರಿಯ ಅರ್ಹತೆಯೆಂದು ತಿಳಿದಿದ್ದರು. 1778ರಿಂದ 1795ರವರೆಗೆ ಅಧ್ಯಕ್ಷನಾಗಿದ್ದ ಎಜ್ರಾ ಸ್ಟೈಲ್ಸ್ ಆ ಶ್ರದ್ಧೆಯ ಕೊನೆಯ ದೊಡ್ಡ ಪ್ರತಿನಿಧಿ. ಅವನು 1773ರಲ್ಲಿ ನ್ಯೂಪೋರ್ಟ್‌ಗೆ ಬಂದ ಹೆಬ್ರೋನ್ ಮೂಲದ ಯೆಹೂದಿ ಗುರು ಹಾಯಿಮ್ ಕರಿಗಾಲ್‌ನೊಡನೆ ತಿಂಗಳುಗಟ್ಟಲೆ ಶಾಸ್ತ್ರಚರ್ಚೆ ನಡೆಸಿದ್ದ, ಆ ಗುರುವಿನ ಭಾವಚಿತ್ರವನ್ನು ಆಮೇಲೆ ಕಾಲೇಜಿಗಾಗಿ ಬರೆಸಿದ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೀಬ್ರೂವನ್ನು ಕಡ್ಡಾಯ ಮಾಡಿದ. ವಿದ್ಯಾರ್ಥಿಗಳಿಗೆ ಅದು ಹಿಡಿಸಲಿಲ್ಲ. ಶತಮಾನ ಮುಗಿಯುವ ಮೊದಲೇ ಸ್ಟೈಲ್ಸ್ ಆ ನಿಯಮವನ್ನು ಸಡಿಲಿಸಬೇಕಾಯಿತು. ಓದಬಲ್ಲವರು ಕಡಿಮೆಯಾಗುತ್ತ ಹೋದರೂ ಅಕ್ಷರಗಳು ಮುದ್ರೆಯಲ್ಲಿ ಉಳಿದವು. ಯೋಚಿಸಿ ಮಾಡಿದ ಒಂದೇ ಲಾಂಛನ ಬಹುಮಂದಿಗೆ ಅರ್ಥವಾಗದ ಲಾಂಛನವೂ ಆಯಿತು.

ಬಣ್ಣದ ವಿಷಯಕ್ಕೆ ಬಂದರೆ ಯಾಜಕರು, ಗ್ರಂಥಗಳು ಹಿಂದೆ ಸರಿದು ಆಟದ ಬಯಲು ಮುಂದೆ ಬರುತ್ತದೆ. ಯೇಲ್‌ನಲ್ಲಿ ದೋಣಿ ಸ್ಪರ್ಧೆಯ ಕೂಟ 1843ರಲ್ಲಿ ಹುಟ್ಟಿತು. 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್‌ನ ವಿನ್ನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ದೋಣಿಗಳು ಸೆಣಸಿದವು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾಸ್ಪರ್ಧೆಯೆಂದು ಅದನ್ನು ಗಣಿಸಲಾಗುತ್ತದೆ. ಸ್ಪರ್ಧೆಯ ಹಿಂದಿದ್ದದ್ದು ವಿದ್ಯಾಪ್ರೇಮವಲ್ಲ, ಆ ಸರೋವರದತ್ತ ಪ್ರಯಾಣಿಕರನ್ನು ಸೆಳೆಯಬೇಕೆಂದಿದ್ದ ರೈಲ್ವೆ ಅಧಿಕಾರಿಯೊಬ್ಬರ ಲೆಕ್ಕಾಚಾರ. ಗೆದ್ದದ್ದು ಹಾರ್ವರ್ಡ್. ದಡದಲ್ಲಿ ನಿಂತವರಿಗೆ ದೂರದ ನೀರಿನ ಮೇಲಿನ ದೋಣಿಗಳನ್ನು ಬೇರ್ಪಡಿಸಿ ಗುರುತಿಸಲು ಬಣ್ಣ ಬೇಕೇಬೇಕು. ಯೇಲ್‌ನ ಹುಡುಗರು 1850ರ ದಶಕದಿಂದ ನೀಲಿ ಉಡುಪು ತೊಟ್ಟರು, ಹಾರ್ವರ್ಡ್‌ನವರು 1858ರಲ್ಲಿ ಕೆಂಪು ಕರವಸ್ತ್ರ ತಲೆಗೆ ಸುತ್ತಿಕೊಂಡರು. ಎರಡು ಪ್ರಾಚೀನ ಸಂಸ್ಥೆಗಳ ವರ್ಣಪರಂಪರೆಗೆ ಇದಕ್ಕಿಂತ ಗಂಭೀರವಾದ ಮೂಲವಿಲ್ಲ.

ಇಲ್ಲಿಯೂ ಅಧಿಕೃತ ಒಪ್ಪಿಗೆ ನಿಧಾನವಾಗಿಯೇ ಬಂತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹೊಸ ವಿಶ್ವವಿದ್ಯಾಲಯ ಸ್ಥಾಪಿಸಿದವರಲ್ಲಿ ಹಲವರು, ಅದರ ಮೊದಲ ಅಧ್ಯಕ್ಷ ಹೆನ್ರಿ ಡ್ಯುರಂಟ್ ಸೇರಿ, ಯೇಲ್‌ನ ಪದವೀಧರರಾಗಿದ್ದರಿಂದ 1873ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಹೊನ್ನಿನ ಬಣ್ಣದ ಜೊತೆಗೆ ಯೇಲ್‌ನ ನೀಲಿಯನ್ನು ತಮ್ಮದಾಗಿ ಆರಿಸಿಕೊಂಡರು. ಯೇಲ್ ತಾನು ನೀಲಿಯನ್ನು ತನ್ನ ಬಣ್ಣವೆಂದು ವಿಧ್ಯುಕ್ತವಾಗಿ ಘೋಷಿಸಿದ್ದು 1894ರಲ್ಲಿ, ಅಂದರೆ ಸಾಲ ಪಡೆದವರಿಗಿಂತ ಎರಡು ದಶಕ ತಡವಾಗಿ. ಮರುವರ್ಷ ಅಮೆರಿಕದ ಕಾಲೇಜುಗಳು ಪದವಿ ನಿಲುವಂಗಿಗಳಿಗೆ ಸಾಮಾನ್ಯ ನಿಯಮಾವಳಿ ಮಾಡಿಕೊಂಡಾಗ ಹೆಗಲ ಮೇಲಿನ ಮುಸುಕಿನ ಒಳಪದರ ಆಯಾ ಸಂಸ್ಥೆಯ ಬಣ್ಣದ್ದಾಗಿರಬೇಕೆಂಬುದೂ ಅದರಲ್ಲಿ ಸೇರಿತು. ದೋಣಿಯ ಬಣ್ಣ ಹೀಗೆ ಘಟಿಕೋತ್ಸವದ ಮಂಟಪ ಹತ್ತಿತು. ಆದರೆ ಎಂಥ ನೀಲಿ? ವಿಶ್ವವಿದ್ಯಾಲಯದ ಕಾರ್ಯದರ್ಶಿಯ ಕಚೇರಿಯ ತಿಜೋರಿಯಲ್ಲಿ ಎರಡು ರೇಷ್ಮೆ ತುಂಡುಗಳಿವೆ, ಮೊದಲ ಅಧಿಕೃತ ನೀಲಿಯ ಮಾದರಿ ಅವೇ ಎಂಬ ಪ್ರತೀತಿಯಿದೆ. ಪ್ರತೀತಿಗೆ ಆಧಾರ ಗಟ್ಟಿಯಿಲ್ಲ. 2005ರಲ್ಲಿ ವಿಶ್ವವಿದ್ಯಾಲಯದ ಮುದ್ರಣ ವಿನ್ಯಾಸದ ಹೊಣೆ ಹೊತ್ತವರಿಗೆ ಬಣ್ಣವನ್ನು ಒಂದೇ ಅಳತೆಗೆ ತರುವ ಕೆಲಸ ಒಪ್ಪಿಸಲಾಯಿತು. ಒಂದೂವರೆ ಶತಮಾನ ಜನ ತೊಟ್ಟು ಮೆರೆದ ಬಣ್ಣಕ್ಕೆ ವ್ಯಾಖ್ಯೆ ದೊರೆತದ್ದು ಆಗ.

ನಾಯಿಯ ಆಗಮನ ಇನ್ನೂ ಆಕಸ್ಮಿಕ. 1880ರ ದಶಕದಲ್ಲಿ ಯೇಲ್‌ನ ಫುಟ್‌ಬಾಲ್ ತಂಡಕ್ಕೆ ಸಾಟಿಯಿರಲಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ನಿಯಮಗಳನ್ನು ರೂಪಿಸಿದ ವಾಲ್ಟರ್ ಕ್ಯಾಂಪ್‌ನ ಮಾರ್ಗದರ್ಶನದಲ್ಲಿ 1888ರ ತಂಡ ಇಡೀ ಋತುವಿನಲ್ಲಿ 698 ಅಂಕ ಗಳಿಸಿ ಎದುರಾಳಿಗಳಿಗೆ ಒಂದನ್ನೂ ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನಿಂದ ಓದಲು ಬಂದು ಈ ತಂಡ ಸೇರಿದ್ದ ಆಂಡ್ರ್ಯೂ ಗ್ರೇವ್ಸ್ 1889ರಲ್ಲಿ ನ್ಯೂ ಹೇವನ್‌ನ ಕಮ್ಮಾರನೊಬ್ಬನ ಅಂಗಡಿಯ ಮುಂದೆ ಬುಲ್‌ಡಾಗ್ ಒಂದನ್ನು ಕಂಡು ಕೊಂಡುಕೊಂಡ. ಬೆಲೆ 5 ಡಾಲರ್ ಎನ್ನುವವರೂ 65 ಎನ್ನುವವರೂ ಇದ್ದಾರೆ. 'ಹ್ಯಾಂಡ್ಸಮ್ ಡ್ಯಾನ್' ಎಂಬ ಹೆಸರು ಪಡೆದ ಆ ನಾಯಿಯ ಮುಖ ಮೊಸಳೆಗೂ ಕೊಂಬಿನ ಕಪ್ಪೆಗೂ ಹುಟ್ಟಿದಂತಿದೆಯೆಂದು ಪತ್ರಿಕೆಯೊಂದು ಬಣ್ಣಿಸಿತ್ತೆಂದರೆ 'ಸುಂದರಾಂಗ' ಎಂಬ ಬಿರುದಿನ ವ್ಯಂಗ್ಯ ಸ್ಪಷ್ಟ. ಪಂದ್ಯಕ್ಕೆ ಮುನ್ನ ಅದನ್ನು ಮೈದಾನದಲ್ಲಿ ನಡೆಸುತ್ತಿದ್ದರು. ಹಾರ್ವರ್ಡ್‌ನ ಹೆಸರೆತ್ತಿದರೆ ಬೊಗಳುವುದನ್ನೂ ಅದಕ್ಕೆ ಕಲಿಸಲಾಗಿತ್ತು. ಕಾಲೇಜೊಂದರ ಜೀವಂತ ಲಾಂಛನವಾದ ಅಮೆರಿಕದ ಮೊದಲ ಪ್ರಾಣಿ ಇದೇ ಎಂದು ಯೇಲ್ ಹೇಳಿಕೊಳ್ಳುತ್ತದೆ.

ಡ್ಯಾನ್ ಕೊನೆಗೆ ಗ್ರೇವ್ಸ್‌ನ ಬಳಿ ಇಂಗ್ಲೆಂಡಿಗೆ ಹೋಗಿ ಅಲ್ಲೇ ಸತ್ತಿತು. ಅದರ ಚರ್ಮಕ್ಕೆ ಹುಲ್ಲು ತುಂಬಿಸಿ ಮರಳಿ ನ್ಯೂ ಹೇವನ್‌ಗೆ ತರಲಾಯಿತು, ಇಂದಿಗೂ ಅದು ಗಾಜಿನ ಪೆಟ್ಟಿಗೆಯಲ್ಲಿದೆ. ವಿಚಿತ್ರವೆಂದರೆ ಎರಡನೆಯ ಡ್ಯಾನ್ ಬಂದದ್ದು 1933ರಲ್ಲಿ. ನಡುವಿನ ಮೂರೂವರೆ ದಶಕ ಕಾಲೇಜಿನಲ್ಲಿ ಅಧಿಕೃತ ನಾಯಿಯೇ ಇಲ್ಲದಿದ್ದರೂ ತಂಡಕ್ಕೆ ಬುಲ್‌ಡಾಗ್ ಎಂಬ ಅಡ್ಡಹೆಸರು ಗಟ್ಟಿಯಾಗುತ್ತಲೇ ಹೋಯಿತು. ಅದಕ್ಕೆ ಬಹುಪಾಲು ಕಾರಣ ಹಾಡುಗಳು. ಆಮೇಲೆ ಬ್ರಾಡ್‌ವೇ ರಂಗಭೂಮಿಯ ಹೆಸರಾಂತ ಸಂಗೀತಕಾರನಾದ ಕೋಲ್ ಪೋರ್ಟರ್ 1911ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಬುಲ್‌ಡಾಗ್ ಮೇಲೊಂದು ಪಂದ್ಯಗೀತೆ ಕಟ್ಟಿದ್ದ. ಎರಡನೆಯ ಡ್ಯಾನ್‌ನ ಕೀರ್ತಿ ಹಬ್ಬಿದ್ದು ಅವಮಾನದಿಂದ. 1934ರಲ್ಲಿ ಹಾರ್ವರ್ಡ್ ಹುಡುಗರು ಅದನ್ನು ಕದ್ದೊಯ್ದು, ತಮ್ಮ ಅಂಗಳದಲ್ಲಿದ್ದ ಜಾನ್ ಹಾರ್ವರ್ಡ್ ಪ್ರತಿಮೆಯ ಪಾದಕ್ಕೆ ಮಾಂಸ ಸವರಿ, ನಾಯಿ ಅದನ್ನು ನೆಕ್ಕುವ ಛಾಯಾಚಿತ್ರವನ್ನು ಊರಿಗೆಲ್ಲ ಹಂಚಿದರು. ರಾಜವಂಶದಂತೆ ಸಂಖ್ಯೆ ಹೊತ್ತು ಬಂದ ಈ ನಾಯಿಗಳ ಸಾಲಿನಲ್ಲಿ 2021ರಲ್ಲಿ ಪಟ್ಟಕ್ಕೆ ಬಂದದ್ದು ಹತ್ತೊಂಬತ್ತನೆಯದು.

ವಿಶ್ವವಿದ್ಯಾಲಯದ ಗೀತೆಯದೂ ಇಂಥದೇ ಪಾಡು. 1881ರಲ್ಲಿ ಹೆನ್ರಿ ಡುರಾಂಡ್ ಎಂಬ ವಿದ್ಯಾರ್ಥಿ ಸಾಹಿತ್ಯ ಬರೆದು ಅದನ್ನು ಆಗ ಜನಪ್ರಿಯವಾಗಿದ್ದ ಜರ್ಮನ್ ದೇಶಭಕ್ತಿಗೀತೆಯೊಂದರ ಧಾಟಿಗೆ ಹೊಂದಿಸಿದ. ಎರಡು ಮಹಾಯುದ್ಧಗಳಲ್ಲಿ ಅಮೆರಿಕ ಜರ್ಮನಿಯ ಎದುರು ನಿಂತಾಗ ಆ ಧಾಟಿ ಮುಜುಗರ ತಂದರೂ ಹಳೆಯ ವಿದ್ಯಾರ್ಥಿಗಳು ಅದನ್ನು ಬಿಡಲಿಲ್ಲ, ಕೊನೆಯ ಸಾಲಿಗೆ ಬಿಳಿ ಕರವಸ್ತ್ರ ಬೀಸುವ ಪದ್ಧತಿಯನ್ನೂ ಬಿಡಲಿಲ್ಲ.

ರೂಢಿಯಿಂದ ಬಂದ ಲಾಂಛನವನ್ನು ಕೈಬಿಡುವುದು ಎಷ್ಟು ಕಷ್ಟವೆಂಬುದು ಇಪ್ಪತ್ತೊಂದನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಮಾದರಿಯಲ್ಲಿ 1933ರಲ್ಲಿ ಆರಂಭವಾದ ವಸತಿ ಕಾಲೇಜುಗಳಲ್ಲಿ, ಅಂದರೆ ತನ್ನದೇ ಲಾಂಛನ, ಊಟದ ಮನೆ, ಮುಖ್ಯಸ್ಥರನ್ನು ಹೊಂದಿದ ವಿದ್ಯಾರ್ಥಿ ನಿವಾಸಗಳಲ್ಲಿ, ಒಂದಕ್ಕೆ 1804ರ ಪದವೀಧರ, ಅಮೆರಿಕದ ಉಪಾಧ್ಯಕ್ಷ ಜಾನ್ ಕ್ಯಾಲ್ಹೂನ್‌ನ ಹೆಸರಿಡಲಾಗಿತ್ತು. ಗುಲಾಮಗಿರಿಯನ್ನು ಒಳಿತೆಂದೇ ವಾದಿಸಿದ ಅವನ ಹೆಸರನ್ನು ಉಳಿಸುವುದಾಗಿ 2016ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಆಡಳಿತ, ಪ್ರತಿಭಟನೆ ಹೆಚ್ಚಿದ ಮೇಲೆ ಸಮಿತಿಯೊಂದನ್ನು ನೇಮಿಸಿ, ವ್ಯಕ್ತಿಯ ಮುಖ್ಯ ಕೊಡುಗೆಯೇ ಸಂಸ್ಥೆಯ ಧ್ಯೇಯಕ್ಕೆ ವಿರುದ್ಧವಾಗಿದೆಯೇ ಎಂಬ ಅಳತೆಗೋಲನ್ನು ಒಪ್ಪಿಕೊಂಡು, 2017ರ ಫೆಬ್ರವರಿಯಲ್ಲಿ ಅದಕ್ಕೆ ಗಣಿತಜ್ಞೆ ಹಾಗೂ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್‌ರ ಹೆಸರಿಟ್ಟಿತು.

ಅದೇ ಅಳತೆಗೋಲನ್ನು ಎಲೀಹು ಯೇಲ್‌ನಿಗೂ ಹಿಡಿಯಬೇಕೆಂಬ ಕೂಗು ಏಳದಿರಲಿಲ್ಲ. ಯೇಲ್‌ನ ಬ್ರಿಟಿಷ್ ಕಲಾಕೇಂದ್ರದಲ್ಲಿರುವ, 1719ರ ಸುಮಾರಿನ ಗುಂಪುಚಿತ್ರವೊಂದರಲ್ಲಿ ಅವನು ತನ್ನ ಬಂಧುಗಳೊಡನೆ ಮೇಜಿನ ಸುತ್ತ ಕುಳಿತಿದ್ದಾನೆ, ಒಂದು ಬದಿಯಲ್ಲಿ ಕುತ್ತಿಗೆಗೆ ಲೋಹದ ಪಟ್ಟಿ ತೊಡಿಸಿದ ಆಫ್ರಿಕನ್ ಮೂಲದ ಬಾಲಕ ನಿಂತಿದ್ದಾನೆ. 2020ರಲ್ಲಿ ಈ ಚಿತ್ರವನ್ನು ಗೋಡೆಯಿಂದ ಇಳಿಸಿ, ಬಾಲಕನ ಬಗ್ಗೆ ಸಂಶೋಧನೆ ನಡೆಸಿ, ಹೊಸ ವಿವರಣೆಯೊಡನೆ 2022ರಲ್ಲಿ ಮತ್ತೆ ತೂಗುಹಾಕಲಾಯಿತು. ವಿಶ್ವವಿದ್ಯಾಲಯ ಗುಲಾಮಗಿರಿಯೊಂದಿಗಿನ ತನ್ನ ಸಂಬಂಧದ ಅಧ್ಯಯನವನ್ನು ಚರಿತ್ರಕಾರ ಡೇವಿಡ್ ಬ್ಲೈಟ್ ಅವರಿಗೆ ಒಪ್ಪಿಸಿತು; ಅದರ ಫಲವಾದ ಗ್ರಂಥ ಹೊರಬಂದ 2024ರ ಫೆಬ್ರವರಿಯಲ್ಲೇ ಸಾರ್ವಜನಿಕವಾಗಿ ಕ್ಷಮೆ ಕೇಳಿತು. ಹೆಸರನ್ನು ಬದಲಿಸುವ ಮಾತು ಆ ಕ್ಷಮಾಪಣೆಯಲ್ಲಿ ಇರಲಿಲ್ಲ.